ಅರ್ಧ ತಲೆಯ ಹರಕೆ

ಜನವರಿ 16, 1983, ಭಾನುವಾರ
ಗುಬ್ಬಿ

ಇವತ್ತು ನಾನು ಹಜಾರದಲ್ಲಿ ಎಲ್ಲರೆದುರು ಒಂದು ವಾಕ್ಯ ಮಾತಾಡಿದೆ. ಅದರಿಂದಾದ ಅನಾಹುತವನ್ನು ಬರೆದಿಡುವುದು ಒಳ್ಳೆಯದು. ಮತ್ತೆ ಬಾಯಿ ತೆರೆಯುವ ಚಪಲ ಬಂದಾಗ ಓದಿಕೊಳ್ಳಬಹುದು.

ಅಕ್ಕ ವನಜಳ ಮಗಳು ಪುಟ್ಟಿಗೆ ಮಾರ್ಚಿಗೆ ಮೂರು ತುಂಬುತ್ತದೆ. ಹುಟ್ಟಿದಾಗಿನಿಂದ ಅವಳ ತಲೆಗೆ ಕತ್ತರಿ ಮುಟ್ಟಿಸಿಲ್ಲ. ಕೂಸಾಗಿದ್ದಾಗ ವಾಂತಿಭೇದಿಯಾಗಿ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದಾಗ, ನಮ್ಮ ತಾತ ನರಸಿಂಹಯ್ಯ 'ಮಗು ಉಳಿದರೆ ನಡೆದುಕೊಂಡು ಬಂದು ದೇವರಾಯನದುರ್ಗದ ನರಸಿಂಹನಿಗೆ ಮುಡಿ ಕೊಡಿಸ್ತೀನಿ' ಎಂದು ಹರಕೆ ಹೊತ್ತ. ಅದೇ ಹೊತ್ತಿಗೆ ಕುಣಿಗಲ್ಲಿನಲ್ಲಿ ಅಕ್ಕನ ಅತ್ತೆ ಸಿದ್ದಲಕ್ಷ್ಮಮ್ಮನವರು ಹುತ್ರಿದುರ್ಗದ ಈಶ್ವರನಿಗೆ ಅದೇ ಮುಡಿಯನ್ನು, ಅದೇ ಕಾಲ್ನಡಿಗೆಯಲ್ಲಿ, ಹೇಳಿಕೊಂಡರು. ಒಬ್ಬರನ್ನೊಬ್ಬರು ಕೇಳಲಿಲ್ಲ. ಮಗು ಉಳಿಯಿತು. ಗ್ಲೂಕೋಸ್ ಬಾಟಲಿಗೆ ಯಾರೂ ಏನೂ ಹೇಳಿಕೊಂಡಿರಲಿಲ್ಲವಾದ್ದರಿಂದ ಅದರ ಋಣ ಬಾಕಿಯಿಲ್ಲ.

ಅಲ್ಲಿಂದ ಶುರು. ನಮ್ಮ ಬೆಟ್ಟಕ್ಕೆ ಮುಡಿ ಕೊಡದೆ ಮಗು ನನ್ನ ಹೊಸ್ತಿಲು ದಾಟುವಂತಿಲ್ಲ ಎಂದು ಸಿದ್ದಲಕ್ಷ್ಮಮ್ಮನವರು. ದೇವರಾಯನದುರ್ಗಕ್ಕೆ ಕೊಡದೆ ಗುಬ್ಬಿ ಬಿಡುವಂತಿಲ್ಲ ಎಂದು ತಾತ. ಹೀಗಾಗಿ ಬಾಣಂತನಕ್ಕೆಂದು ಬಂದ ಅಕ್ಕ ಇಲ್ಲೇ ಇದ್ದಾಳೆ. ಭಾವ ರಾಮಾಂಜಿನಯ್ಯ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ, ಸಂಜೆ ಬಸ್ಸಿಗೆ ಹೋಗುತ್ತಾರೆ. ಅವರೂ ನನ್ನಂತೆಯೇ ಮಾತು ಕಡಿಮೆ. ನಾವಿಬ್ಬರೂ ಒಂದೇ ಪೇಪರನ್ನು ಹಂಚಿಕೊಂಡು ಓದಿ, ಒಂದೂ ಮಾತಾಡದೆ ಒಳ್ಳೆಯ ಸ್ನೇಹಿತರಾಗಿದ್ದೇವೆ.

ಇವತ್ತು ಬೀಗಿತ್ತಿ ಖುದ್ದಾಗಿ ಬಂದಿದ್ದರು.

"ಗಂಡನ ಮನೆ ದೇವ್ರಿಗೆ ಮುಡಿ. ಇದ್ರಾಗೆ ಮಾತೇನೈತೆ ಯಜಮಾನ್ರೆ?"

"ಆಸ್ಪತ್ರೆ ತಾವ ಕಾದಿದ್ದು ನಾನು ಕಣವ್ವ. ಗಂಡನ ಮನೆಯೋರು ಎಲ್ಲಿದ್ರಿ?"

"ಬಸ್ಸಿರ್ಲಿಲ್ಲ. ಬಸ್ಸಿಲ್ಲಾಂದ್ರೆ ದೇವ್ರಿಗೂ ಕೇಳ್ಸಲ್ವಾ?"

ಅಮ್ಮ ನಡುವೆ ಬಂದು ಕಾಫಿ ಕೊಟ್ಟಳು. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಜಗಳಕ್ಕೆ ಕಾಫಿ ಕೊಡುವುದು ಅವಳ ಪಾಲಿಗೆ ಬಂದಿದೆ. ಮೂರು ತುಂಬಿ ನಾಲ್ಕಕ್ಕೆ ಬಿದ್ದರೆ ಅದು ಸಮ ವರ್ಷ, ಮುಡಿ ತೆಗೆಯುವಂತಿಲ್ಲ, ಐದಕ್ಕೇ ಆಗಬೇಕು. ಅಂದರೆ ಅಕ್ಕ ಇನ್ನೂ ಒಂದು ವರ್ಷ ಇಲ್ಲೇ. ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ಭಾವ ತಮ್ಮ ಹೆಬ್ಬೆರಳನ್ನು ನೋಡುತ್ತಿದ್ದರು.

ಆಗ ನಾನೆಂದೆ, "ಬಲಗಡೆದು ದುರ್ಗಕ್ಕೆ, ಎಡಗಡೆದು ಹುತ್ರಿದುರ್ಗಕ್ಕೆ ಕೊಟ್ಟರಾಯಿತಲ್ಲ."

ತಾತ ನನ್ನ ಕಡೆ ತಿರುಗಿದ.

"ಏನ್ಲಾ ಅಂದೆ ಓಬ್ಳಿ?"

"ಏನಿಲ್ಲ ತಾತ."

"ಏನಿಲ್ಲ ಹೆಂಗಾಯ್ತದೆ? ಬಲಗಡೆ ನಮಗೇ ಅಂದ್ಯಲ್ಲ." ತಾತನ ಮುಖ ಅರಳತೊಡಗಿತ್ತು.

ಸಿದ್ದಲಕ್ಷ್ಮಮ್ಮನವರು ಕಾಫಿ ಲೋಟ ಕೆಳಗಿಟ್ಟರು. "ಎಡಗಡೆ ಅಂದ್ರೆ ಈಶ್ವರನ ಮೈಯಾಗೆ ಅಮ್ಮನೋರ ಜಾಗ. ಇದು ಹೆಣ್ಮಗ. ಎಡಗಡೆನೇ ಹೆಚ್ಚು."

ಇಬ್ಬರಿಗೂ ಒಳ್ಳೆಯ ಅರ್ಧ ತಮಗೇ ಸಿಕ್ಕಿತೆಂದು ಖಾತ್ರಿಯಾಯಿತು. ತಾತ ನನ್ನ ಬೆನ್ನು ತಟ್ಟಿ "ಎಮ್ಮೆ ಓದ್ಸಿದ್ದಕ್ಕೂ ಸಾರ್ಥಕ ಆಯ್ತು ಬುಡು" ಎಂದ. ಎಂ.ಎ. ಪದವಿಯನ್ನು ಅವನು ಹಾಗೆಯೇ ಕರೆಯುವುದು. ವ್ಯಂಗ್ಯಾರ್ಥ ಸಹೃದಯರಿಗೆ ಮಾತ್ರ ಹೊಳೆಯುತ್ತದೆ ಎಂದು ಕಾವ್ಯಮೀಮಾಂಸೆಯ ತರಗತಿಯಲ್ಲಿ ಕಲಿತಿದ್ದೆ. ಸಹೃದಯರಿಲ್ಲದ ಹಜಾರದಲ್ಲಿ ಅದು ಏನಾಗುತ್ತದೆ ಎಂದು ಯಾರೂ ಕಲಿಸಿರಲಿಲ್ಲ.

ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು. ಪುಟ್ಟಿಗೆ ಇರುವ ಸೋದರಮಾವ ನಾನೊಬ್ಬನೇ. ಹೊತ್ತು ನಡೆಯುವವನೂ ನಾನೇ ಎಂದು ತೀರ್ಮಾನವಾಯಿತು. ಸರ್ಕಾರ ಕೊಡದ ಕೆಲಸವನ್ನು ಮನೆಯವರು ಕೊಟ್ಟಿದ್ದಾರೆ.

ಜನವರಿ 20
ಗುಬ್ಬಿ

ಲೆಕ್ಚರರ್ ಇಂಟರ್‌ವ್ಯೂಗೆಂದು ಛಂದಸ್ಸು ತಿರುವಿಹಾಕುತ್ತಿದ್ದೇನೆ. ಪುಟ್ಟಿ ಪುಸ್ತಕದ ಮೇಲೆ ಕೂತು ಮಂಡಕ್ಕಿ ತಿಂದಳು. ಎಬ್ಬಿಸಿದರೆ "ಮಾಮ, ಇದು ಬೆಚ್ಚಗಿದೆ" ಎಂದಳು. ಈ ಮನೆಯಲ್ಲಿ ಒಂದು ಷಟ್ಪದಿ ಪೂರ್ತಿ ಓದಲು ಸಾಧ್ಯವಿಲ್ಲ. ಹರಕೆ ತೀರಿ ಅವಳು ಹೊರಟುಹೋದರೆ ಇಂಟರ್‌ವ್ಯೂಗೆ ಮುಂಚೆ ಒಂದಿಷ್ಟು ದಿನವಾದರೂ ಸಿಕ್ಕೀತು.

ಎನ್‌ಸಿಸಿಯಲ್ಲಿದ್ದ ಗೆಳೆಯ ಬೆಟ್ಟಯ್ಯನಿಂದ ಖಾಕಿ ಬೆನ್ನುಚೀಲ ತಂದೆ. "ನಾನೇ ತುಂಬಿಸ್ತೀನಿ, ನೀನು ಮುಟ್ಟಬೇಡ" ಎಂದು ಅಕ್ಕ ಒಳಗೆ ಒಯ್ದಳು. ಅವಳಿಗೆ ನನ್ನ ಮೇಲೆ ಯಾವತ್ತೂ ಇಷ್ಟು ಕಾಳಜಿ ಇರಲಿಲ್ಲ.

ಜನವರಿ 24, ಸೋಮವಾರ
ತುಮಕೂರು, ಒಂದು ಛತ್ರ

ನಡೆದೆವು. ತಾತ, ಅಮ್ಮ, ಅಕ್ಕ, ನಾನು, ನನ್ನ ಬೆನ್ನಿಗೆ ಚೀಲ, ಅದರ ಮೇಲೆ ಹೆಗಲಿಗೆ ಪುಟ್ಟಿ. ನಮ್ಮ ಪಕ್ಕದಲ್ಲೇ ಗುಬ್ಬಿ–ತುಮಕೂರು ಬಸ್ಸುಗಳು ಖಾಲಿಯಾಗಿ ಹೋಗುತ್ತಿದ್ದವು. ಒಬ್ಬ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ "ಹತ್ಕಳಿ ಯಜಮಾನ್ರೆ, ಮಗೀಗೆ ಟಿಕೀಟಿಲ್ಲ" ಎಂದು ಕೂಗಿದ. ತಾತ ಅವನಿಗೆ ಕೊಡೆ ಎತ್ತಿ ತೋರಿಸಿದ.

ಪುಟ್ಟಿ ಬೀಳದಿರಲು ನಾನು ಅವಳ ಎರಡೂ ಪಾದಗಳನ್ನು ಎದೆಯ ಹತ್ತಿರ ಹಿಡಿದುಕೊಂಡರೆ, ಅವಳು ನನ್ನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ನನ್ನ ಕೂದಲನ್ನು ಯಾರೂ ಯಾವ ದೇವರಿಗೂ ಹೇಳಿಕೊಂಡಿರಲಿಲ್ಲ. ಆದರೂ ಹೆಗ್ಗೆರೆ ತಲುಪುವಷ್ಟರಲ್ಲಿ ಒಂದಿಷ್ಟು ಸಂದಾಯವಾಗಿತ್ತು.

ತಾತ ಪ್ರತಿ ಮೋರಿಯ ಹತ್ತಿರವೂ ನಿಂತು ಒಂದೊಂದು ಕಥೆ ಹೇಳಿದ. ಇಲ್ಲಿ ಚಿರತೆ ಕಂಡಿದ್ದು, ಅಲ್ಲಿ ಅಮಲ್ದಾರನ ಕುದುರೆ ಬಿದ್ದಿದ್ದು. "ಇಷ್ಟೊಂದು ಕಥೆ ನನಗೆ ಗೊತ್ತೇ ಇರಲಿಲ್ಲ" ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಮೆಲ್ಲಗೆ, "ಕಥೆ ಅಲ್ಲ ಕಣೋ, ಮಂಡಿನೋವು" ಎಂದಳು.

ಚೀಲ ಹೆಣಭಾರ. ಸೀಮೆಎಣ್ಣೆ ವಾಸನೆ ಬೇರೆ. ಬೆಟ್ಟಯ್ಯ ಎನ್‌ಸಿಸಿಯಲ್ಲಿ ಏನು ಮಾಡುತ್ತಿದ್ದನೋ.

ಜನವರಿ 25, ಮಂಗಳವಾರ
ದೇವರಾಯನದುರ್ಗ

ನಾಮದ ಚಿಲುಮೆಯ ಹತ್ತಿರ ತಾತ ಕಾಡಿನ ಬಗ್ಗೆ ಉದ್ದವಾದ ಕಥೆಯೊಂದನ್ನು ಹೇಳುತ್ತಾ ಕಾಲು ನೀಡಿ ಕೂತ. ಅಮ್ಮ ಅವನ ಮಂಡಿಗೆ ಎಣ್ಣೆ ತಿಕ್ಕಿದಳು. ಪುಟ್ಟಿ ಬಟ್ಟೆ ನೆನೆಸಿಕೊಂಡಿದ್ದಳು. ಬೇರೆ ಲಂಗ ಹುಡುಕಲು ನಾನು ಚೀಲ ಬಿಚ್ಚಿದೆ.

ಮೇಲೆ ಒಂದು ಟವೆಲು. ಅದರ ಕೆಳಗೆ ಹಿತ್ತಾಳೆಯ ಪಂಪ್ ಸ್ಟೌವ್. ಅದರ ಸುತ್ತ ಎರಡು ತಟ್ಟೆ, ಒಂದು ಸಣ್ಣ ಪಾತ್ರೆ, ಸೌಟು, ಲಟ್ಟಣಿಗೆ. ಎಲ್ಲವನ್ನೂ ಹಳೇ ಸೀರೆಯ ಚೂರಿನಲ್ಲಿ, ಸದ್ದಾಗದಂತೆ, ಒಂದೊಂದಾಗಿ ಸುತ್ತಿತ್ತು.

ಅಕ್ಕ ಬಂದು ನನ್ನ ಪಕ್ಕ ಕೂತಳು.

"ಮುಡಿ ಕೊಡೋಕೆ ಲಟ್ಟಣಿಗೆ ಯಾಕೆ?" ಎಂದೆ.

"ಮೆತ್ತಗೆ ಮಾತಾಡೋ." ತಾತನ ಕಡೆ ಒಮ್ಮೆ ನೋಡಿದಳು. "ಹಿರೇಹಳ್ಳಿಲಿ ರೂಮು ನೋಡವ್ರೆ. ಒಂದೇ ರೂಮು. ನಲ್ಲಿ ಹೊರಗಡೆ. ಎರಡೂ ಬೆಟ್ಟ ಮುಗುದ್ ಮೇಲೆ ಅಲ್ಲಿಂದ ಹಂಗೇ ಹೋಗ್ಬುಡದು."

"ಹೋಗೋದಾದರೆ ಗುಬ್ಬಿಯಿಂದಲೇ ಹೋಗಬಹುದಿತ್ತಲ್ಲ, ಈ ನಡಿಗೆಯೆಲ್ಲ ಯಾಕೆ?"

"ಹೋಗ್ಬೋದಿತ್ತು. ಮಗೀಗೆ ಒಂದು ಸಲ ಜ್ವರ ಬರ್ಲಿ, ಆವಾಗ ಇವರಿಬ್ರೂ ನನ್ನ ಸುಮ್ನೆ ಬುಡ್ತಾರಾ? ಹರಕೆ ಉಳಿಸ್ಕಂಡ್ಲು, ಅದಕ್ಕೇ ಅಂತಾರೆ. ಅವ್ರು ಅನ್ನದಿದ್ರೂ ನಂಗೇ ಅನ್ಸುತ್ತೆ." ಸ್ಟೌವಿನ ಮೇಲೆ ಮತ್ತೆ ಟವೆಲು ಹೊದಿಸಿದಳು, ಮಲಗಿದ ಕೂಸಿಗೆ ಹೊದಿಸುವ ಹಾಗೆ. "ಎರಡೂ ಕಡೆ ತೀರ್ಸೇ ಹೋಗ್ತೀನಿ. ಅಲ್ಲೀಗಂಟ ಯಾರಿಗೂ ಅನ್ಬೇಡ. ಅಮ್ಮಂಗೂನು."

"ನನಗಾದರೂ ಹೇಳಬಹುದಿತ್ತು. ಗುಬ್ಬಿಯಿಂದ ಸ್ಟೌವ್ ಹೊತ್ತಿದ್ದೇನೆ."

"ಹೇಳಿದ್ರೆ ನಿನ್ನ ಮುಖದಾಗೆ ಗೊತ್ತಾಗ್ಬುಡ್ತಿತ್ತು ಕಣೋ."

ನನ್ನ ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಲ್ಲಿಂದ ಮೇಲಕ್ಕೆ ಹತ್ತುವಾಗ ಚೀಲದ ಭಾರ ಯಾಕೋ ಅಷ್ಟು ತಿಳಿಯಲಿಲ್ಲ. ಬಿಸಿಲು ಇಳಿದಿತ್ತಲ್ಲ, ಅದಕ್ಕಿರಬೇಕು.

ಜನವರಿ 26, ಬುಧವಾರ
ಕುಣಿಗಲ್

ಬೆಳಿಗ್ಗೆ ದುರ್ಗದ ಮೇಲೆ ಮುಡಿ. ಇವತ್ತು ಕಾರ್ಖಾನೆಗೆ ರಜಾ ಆದ್ದರಿಂದ ಭಾವ ಮೊದಲ ಬಸ್ಸಿಗೇ ಬಂದಿದ್ದರು. ಕ್ಷೌರದ ಯಲ್ಲಯ್ಯ ಕತ್ತಿ ಮಸೆದು, ನೀರು ಚಿಮುಕಿಸಿ, ವಿಷಯ ಕೇಳಿ ಎದ್ದು ನಿಂತ.

"ಅರ್ಧನಾ? ಅರ್ಧ ತಲೆ ಬೋಳ್ಸದು ಕಳ್ರಿಗೆ ಕಣ್ ಸ್ವಾಮಿ. ಕತ್ತೆ ಮ್ಯಾಲೆ ಕೂರ್ಸಿ ಮೆರವಣಿಗೆ ಮಾಡೋಕೆ ಮುಂಚೆ."

"ಇದು ಶಾಸ್ತ್ರ" ಎಂದ ತಾತ.

"ಯಾವ ಶಾಸ್ತ್ರದಾಗೈತೆ?"

ತಾತ ನನ್ನ ಕಡೆ ಕೈ ತೋರಿಸಿದ. "ಇವ್ನು ಎಮ್ಮೆ ಓದವ್ನೆ. ಇವ್ನು ಹೇಳಿದ್ದು."

ಯಲ್ಲಯ್ಯ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನಾನು ಮಗುವಿನ ನೆತ್ತಿಯನ್ನು ನೋಡುತ್ತಾ ಕೂತೆ. ಕಡೆಗೆ ಅವನು ಒಪ್ಪಿಕೊಂಡ. ಅಕ್ಕ ನಡುನೆತ್ತಿಯಲ್ಲಿ ಬೈತಲೆ ತೆಗೆದು ಎಡಗಡೆಗೆ ಒಂದು ಜಡೆ ಹೆಣೆದಳು. ನಾನು ವೀಳ್ಯದೆಲೆ ಒತ್ತಿಟ್ಟು ಬಲಗಡೆಯ ಮೊದಲ ಎಳೆ ಕತ್ತರಿಸಿದೆ. ಪುಟ್ಟಿ ಇಡೀ ಬೆಟ್ಟಕ್ಕೆ ಕೇಳುವಂತೆ ಅತ್ತಳು, ನನ್ನ ಮುಂಗೈ ಕಚ್ಚಿದಳು. ಕೆಲಸ ಮುಗಿದ ಮೇಲೆ ಕನ್ನಡಿ ಬೇಡಿದಳು. ಯಲ್ಲಯ್ಯನ ಕೈಗನ್ನಡಿಯಲ್ಲಿ ಬಲಕ್ಕೆ ತಿರುಗಿ ನೋಡಿದಳು, ಎಡಕ್ಕೆ ತಿರುಗಿ ನೋಡಿದಳು. "ಇಬ್ರು" ಎಂದಳು.

ತಾತ ಮಾತ್ರ ನರಸಿಂಹನ ಮುಂದೆ ಕೈ ಮುಗಿದು ನಿಂತವನು ಬಹಳ ಹೊತ್ತು ಕದಲಲಿಲ್ಲ. ಆಸ್ಪತ್ರೆಯ ಆ ದಿನಗಳಲ್ಲಿ ಅವನು ಅನ್ನ ಬಿಟ್ಟಿದ್ದನ್ನು ಅಮ್ಮ ಆಮೇಲೆ ಹೇಳಿದಳು. ಇದನ್ನು ನಾನು ನಗೆಯಾಗಿ ಬರೆಯಲು ಇನ್ನೂ ದಾರಿ ಕಂಡಿಲ್ಲ.

ತುಮಕೂರಿನಲ್ಲಿ ಶಾಲೆ ಮಕ್ಕಳು ಬಾವುಟ ಹಿಡಿದು ಹಿಂದಿರುಗುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಇಡೀ ಸಾಲು ನಿಂತು ಪುಟ್ಟಿಯನ್ನು ನೋಡಿತು. ಅವಳು ನನ್ನ ಹೆಗಲ ಮೇಲಿಂದ ಅವರಿಗೆ ಸೆಲ್ಯೂಟ್ ಹೊಡೆದಳು. ಭಾವ ಅಲ್ಲಿಂದಲೇ ಕೆಲಸಕ್ಕೆ ಹಿಂದಿರುಗಿದರು. ನಾವು ಕುಣಿಗಲ್ ಬಸ್ಸು ಹತ್ತಿದೆವು. ಈಶ್ವರನ ವಾರ ಸೋಮವಾರ, ಅವತ್ತೇ ಆಗಬೇಕು ಎಂದು ಬೀಗಿತ್ತಿಯವರ ಅಪ್ಪಣೆ. ಹರಕೆಯ ಮಗು ಹಿಂದಿರುಗಿ ಹೋಗಬಾರದು ಎಂದು ತಾತನ ಶಾಸ್ತ್ರ. ಹೀಗಾಗಿ ಸೋಮವಾರದವರೆಗೆ ನಾವೆಲ್ಲ ಅವರ ಮನೆಯಲ್ಲಿ, ಮಗು ಅರ್ಧ ತಲೆಯಲ್ಲಿ. ಪುಟ್ಟಿ ಹೊಸ್ತಿಲು ದಾಟುವಂತಿಲ್ಲವಲ್ಲ ಎಂದು ಅಮ್ಮ ನೆನಪಿಸಿದಾಗ ಸಿದ್ದಲಕ್ಷ್ಮಮ್ಮನವರು ಸ್ವಲ್ಪ ಯೋಚಿಸಿ, "ಬೋಳಿಸಿರೋ ಕಡೆಯಿಂದ ಒಳಕ್ಕೆ ಬರ್ಲಿ" ಎಂದರು. ಮಗುವನ್ನು ಅಡ್ಡಡ್ಡವಾಗಿ ಒಳಗೆ ತಂದೆ.

ಜನವರಿ 27

ಬೀಗರ ಮನೆಯಲ್ಲಿ ತಾತ ಅನ್ನಕ್ಕೆ ಎರಡನೇ ಸಲ ಕೈ ಚಾಚುವುದಿಲ್ಲ. ಬಡಿಸಿದ್ದು ಸಾಲದೆಂದೂ ಹೇಳುವುದಿಲ್ಲ. ಸಂಜೆ ಹೊತ್ತಿಗೆ ಅವನ ಸಿಟ್ಟಿಗೆ ಹಸಿವು ಕಾರಣವೋ ಹರಕೆ ಕಾರಣವೋ ವಿಂಗಡಿಸುವುದು ಕಷ್ಟ.

ಜನವರಿ 29, ಶನಿವಾರ

ಬೀದಿಯ ಹೆಂಗಸರು ಎರಡು ದಿನದಿಂದ ತಂಡತಂಡವಾಗಿ ಬಂದು ಪುಟ್ಟಿಯ ತಲೆ ನೋಡಿಕೊಂಡು ಹೋಗುತ್ತಿದ್ದಾರೆ. ಇವತ್ತು ಸಿದ್ದಲಕ್ಷ್ಮಮ್ಮನವರು ಯಾರಿಗೋ "ಏನ್ಮಾಡದು ಕಣಕ್ಕ, ನಮ್ಮ ಬೀಗ್ರು ಅವಸರ ಮಾಡಿ ಅರ್ಧ ಬೋಳಿಸ್ಕಂಡು ಬಂದ್ಬುಟ್ಟವ್ರೆ" ಎಂದಿದ್ದು ಜಗಲಿಯಲ್ಲಿದ್ದ ತಾತನಿಗೆ ಕೇಳಿಸಿತು. ಅದೇ ಹೊತ್ತಿಗೆ ಪುಟ್ಟಿ ಸೀನಿದಳು.

"ನೋಡಿದ್ರಾ? ನಿಮ್ಮ ಗುಡ್ಡದ ಗಾಳಿ. ಬಲಗಡೆ ಮೂಗೇ ಸೋರ್ತಾ ಐತೆ" ಎಂದರು ಅವರು.

"ಬಲಗಡೆದು ನಾವು ಕೊಟ್ಟಾಯ್ತು. ಕೊಡದೆ ಇರೋದು ನಿಮ್ದು. ಸೀನು ಯಾರದು?"

"ನಿಮ್ಮ ನರಸಿಂಹ ಉಗ್ರ. ನಮ್ಮಪ್ಪ ತಣ್ಣಗಿರೋನು."

"ತಣ್ಣಗಿರೋದ್ರಿಂದಲೇ ಸೀತ ಆಗಿರದು!"

ನಾನು ಒಳಗೆ ಕೂತು ನಗುತ್ತಿದ್ದೆ. ಆಗ ತಾತ ಎದ್ದು ನಿಂತ ಸದ್ದು ಕೇಳಿಸಿತು. ಮಂಡಿಯ ಸದ್ದು. ಅಮ್ಮನನ್ನು ಕರೆದ.

"ಪುಟ್ಟತಾಯಿ, ಗಂಟು ಕಟ್ಟು. ಬೆಳಿಗ್ಗೆ ಮೊದಲ ಬಸ್ಸಿಗೆ ಗುಬ್ಬಿಗೆ. ಎಡಗಡೆ ಐದು ವರ್ಷಕ್ಕೆ ನೋಡ್ಕಂಡ್ರಾಯ್ತು."

"ಹೋಗಿ! ಮತ್ತೆ ನನ್ನ ಹೊಸ್ತಿಲಿಗೆ ಬರ್ಬೇಡಿ! ಅವ್ಳೂ ಅಷ್ಟೇ, ಮಗೂನೂ ಅಷ್ಟೇ!"

ಅಮ್ಮ ಅಳುತ್ತಾ ಗಂಟು ಕಟ್ಟಿದಳು. ಭಾವ ನಾಳೆ ಸಂಜೆ ನೇರವಾಗಿ ಬೆಟ್ಟದ ಬುಡಕ್ಕೆ ಬರುವವರು. ಅವರಿಗೆ ಹೇಳಿ ಕಳಿಸಲೂ ದಾರಿಯಿಲ್ಲ.

ಹಿತ್ತಲಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತೆ. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಏನಾದರೂ ಹೇಳಬಹುದಿತ್ತು.

"ಈ ಸಲ ಗುಬ್ಬಿಗೆ ಹೋದ್ರೆ ಮುಗೀತು ಕಣೋ" ಎಂದಳು. "ಅವ್ರು ರೂಮು ಎಷ್ಟು ದಿನ ಹಿಡ್ಕಂಡಿರ್ತಾರೆ? ಅವ್ರೂ ಒಂದಿನ ಬರೋದು ನಿಲ್ಲಿಸ್ತಾರೆ."

ಇನ್ನೊಂದು ತಟ್ಟೆ ಉಜ್ಜುತ್ತಾ, "ಆವತ್ತು ಹಜಾರದಾಗೆ ನೀನು ತಮಾಷೆಗೆ ಅಂದಿದ್ದು ಅಲ್ವಾ?" ಎಂದಳು.

"ಗೊತ್ತಿತ್ತಾ?"

"ನೀನು ಹುಟ್ಟಿದಾಗಿಂದ ನೋಡ್ತಿದೀನಿ. ನಗಾಡ್ತಿದ್ದೆ ಒಳಗೇ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಬೇರೆ ಯಾರೂ ಅಷ್ಟನ್ನೂ ಅಂದಿರ್ಲಿಲ್ವಲ್ಲ."

ಅವಳು ತಟ್ಟೆ ಕವುಚಿಟ್ಟು ಒಳಗೆ ಹೋದಳು. ಇವತ್ತಿನ ದಿನಚರಿಗೆ ಹಾಸ್ಯದ ಸಂಗತಿಗಳು ಬೇಕಾದಷ್ಟಿವೆ. ಸೀನಿನ ಭಾಗವನ್ನು ಇನ್ನೂ ಚೆನ್ನಾಗಿ ಬರೆಯಬಹುದಿತ್ತು.

ಜನವರಿ 30, ಭಾನುವಾರ
ಹುತ್ರಿದುರ್ಗದ ಬುಡ

ಬೆಳಿಗ್ಗೆ ತಾತ ಕೊಡೆ, ಗಂಟು ಸಮೇತ ಜಗಲಿಯಲ್ಲಿ ಕೂತು ಜಟಕಾ ಕಾಯುತ್ತಿದ್ದ. ಸಿದ್ದಲಕ್ಷ್ಮಮ್ಮನವರು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಇನ್ನೂ ಬಿಸಿಲು ಬಂದಿರಲಿಲ್ಲ. ನಾನು ಪುಟ್ಟಿಯ ತಲೆಗೆ ಟವೆಲು ಕಟ್ಟಿ, ಚೀಲ ಬೆನ್ನಿಗೇರಿಸಿ, ಅವಳನ್ನು ಹೆಗಲಿಗೆ ಹತ್ತಿಸಿಕೊಂಡು ಬೀದಿಗಿಳಿದೆ.

"ಎಲ್ಲಿಗ್ಲಾ?"

"ಬೆಟ್ಟಕ್ಕೆ."

"ಯಾವನ್ಲಾ ನಿಂಗೆ ಹೇಳಿದ್ದು? ಏಯ್ ಓಬ್ಳಿ! ಓಬಳೇಶ!"

ಪೂರ್ತಿ ಹೆಸರು ಕರೆದರೆ ನಿಂತುಬಿಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಆದರೆ ಹೆಗಲ ಮೇಲೆ ಮಗುವಿದ್ದಾಗ ಹಿಂದಿರುಗಿ ನೋಡಲು ಕತ್ತು ತಿರುಗುವುದಿಲ್ಲ. ಹಾಗಾಗಿ ನಡೆದೆ.

ತಿರುವಿನಲ್ಲಿ ಹಿಂದೆ ಬರಿಗಾಲಿನ ಸದ್ದು ಕೇಳಿಸಿತು: ಸಿದ್ದಲಕ್ಷ್ಮಮ್ಮನವರು. ಅರವತ್ತಾದರೂ ಅವರ ನಡಿಗೆ ಎಂಥವರನ್ನೂ ಹಿಂದೆ ಹಾಕುತ್ತದೆ. ಆಮೇಲೆ ಅಕ್ಕ, ಅಮ್ಮ. ಬಹಳ ಹೊತ್ತಿನ ಮೇಲೆ, ನೆಲ ಕುಟ್ಟುವ ಕೊಡೆಯ ಸದ್ದು. ತಾತ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ, "ಸೋದರಮಾವ ಹೊಂಟ ಮ್ಯಾಲೆ ಹಿರೀಕ್ರು ಕೂರದು ಶಾಸ್ತ್ರ ಅಲ್ಲ" ಎಂದ. ಆ ಶಾಸ್ತ್ರವನ್ನು ಅವನು ಆಗತಾನೇ ಮಾಡಿದ್ದ. ಬಿಸಿಲಿಗೆ ಮುಂಚೆ ಹೊರಡುವುದು ಒಳ್ಳೆಯದು ಎಂದಷ್ಟೇ ನನ್ನ ಉದ್ದೇಶ.

ಕುದುರೆ ಫಾರಮ್ಮಿನ ಬೇಲಿಯಾಚೆ ಒಂದು ಕಂದು ಕುದುರೆ ನಿಂತಿತ್ತು. ಪುಟ್ಟಿಗೆ ಅದು ಬೇಕಾಯಿತು. ಕೊಡಿಸಲಾಗದು ಎಂದು ವಿವರಿಸಿದೆ. ವಿವರಣೆ ಅವಳಿಗೆ ಹಿಡಿಸಲಿಲ್ಲ, ಹಿಮ್ಮಡಿಯಿಂದ ಎದೆಗೆ ಒದ್ದಳು. ಆಮೇಲೆ ಆ ದಾರಿಯಲ್ಲಿ ಹೋದ ಲಾರಿಯ ಕ್ಲೀನರೊಬ್ಬ ತಲೆ ಹೊರಹಾಕಿ ನಕ್ಕ. ನಾನು ಕೆನೆದೆ ಎಂದು ಅಕ್ಕ ಹೇಳುತ್ತಾಳೆ. ಕೆಮ್ಮಿರಬೇಕು. ರಸ್ತೆಯಲ್ಲಿ ಧೂಳಿತ್ತು.

ಮಂಡಿ ತೀರಾ ಹಿಡಿದುಕೊಂಡಾಗ ತಾತ ಕಥೆಗೆಂದು ನಿಂತ. ಆದರೆ ಈ ದಾರಿಯ ಕಥೆ ಅವನಿಗೆ ಗೊತ್ತಿಲ್ಲ. ಕೊಡೆಗೆ ಒರಗಿ ನಿಂತಿದ್ದ. ಸಿದ್ದಲಕ್ಷ್ಮಮ್ಮನವರು ಸ್ವಲ್ಪ ಮುಂದೆ ಹೋದವರು ತಿರುಗಿ ನೋಡಿ, ಕಲ್ಲಿನ ಮೇಲೆ ಕೂತು, ತಮ್ಮ ಮದುವೆಯ ದಿಬ್ಬಣದ ಗಾಡಿ ಇಲ್ಲೇ ಮಗುಚಿದ ಕಥೆಯನ್ನು ಶುರುಮಾಡಿದರು. ತಾತ ಮೆಲ್ಲಗೆ ಕೂತು ಪೂರ್ತಿ ಕೇಳಿದ.

ಸಂಜೆ ಭಾವ ಸಿಕ್ಕರು. ನಮ್ಮನ್ನೆಲ್ಲ ನೋಡಿ, ಆಮೇಲೆ ನನ್ನ ಬೆನ್ನಿನ ಚೀಲವನ್ನು ನೋಡಿದರು. ನಾನು ತಲೆ ಆಡಿಸಿದೆ. ನಮ್ಮ ಸ್ನೇಹಕ್ಕೆ ಇಷ್ಟು ಸಾಕು.

ಜನವರಿ 31, ಸೋಮವಾರ
ಕುಣಿಗಲ್ ಬಸ್‌ಸ್ಟ್ಯಾಂಡ್, ಬಸ್ಸು ಕಾಯುತ್ತಾ

ಬಂಡೆಯಲ್ಲಿ ಕೊರೆದ ಮೆಟ್ಟಿಲು, ಒಂದರ ಮೇಲೊಂದು ಮುರಿದ ಕೋಟೆಬಾಗಿಲು, ಮೇಲೆ ಗಾಳಿ. ಎಡಗಡೆಯ ಜಡೆಯನ್ನು ನಾನೇ ಬಿಚ್ಚಿದೆ. ಪುಟ್ಟಿ ಈ ಸಲ ಅಳಲಿಲ್ಲ. ತೊಡೆಯ ಮೇಲೆ ಕೂತು ನನ್ನ ಅಂಗಿಯ ಗುಂಡಿಯನ್ನು ತಿರುಗಿಸುತ್ತಾ, ಕತ್ತಿ ಬಂದಾಗ ತಾನೇ ತಲೆ ಬಾಗಿಸಿಕೊಟ್ಟಳು. ಕೆಲಸ ಮುಗಿದಾಗ ಇಡೀ ತಲೆ ಒಂದೇ ಬಣ್ಣಕ್ಕೆ ಬಂತು. ಎಲ್ಲಿ ಯಾರ ಪಾಲು ಮುಗಿದು ಯಾರದು ಶುರುವಾಗುತ್ತದೆಂದು ಗುರುತು ಸಿಗಲಿಲ್ಲ.

ಗಂಧ ಹಚ್ಚಿದ್ದಾಯಿತು, ಕೈ ಮುಗಿದಿದ್ದಾಯಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು.

"ಎರಡೂ ಕಡೆ ತೀರ್ತು. ಇನ್ನು ನಾವು ಹೊಂಡ್ತೀವಿ."

"ಹೂಂ, ನಡಿ, ಮನೆಗೋಗಿ ಆರತಿ ಮಾಡ್ಬೇಕು" ಎಂದರು ಸಿದ್ದಲಕ್ಷ್ಮಮ್ಮನವರು.

"ಅದೆಂಗಾಯ್ತದೆ? ಗುಬ್ಬಿಗೆ ಬಂದು, ಒಳ್ಳೆ ದಿನ ನೋಡಿ, ಮಡ್ಲಕ್ಕಿ ತುಂಬ್ಸಿ ಕಳಿಸ್ಬೇಕು" ಎಂದ ತಾತ.

"ಹಿರೇಹಳ್ಳಿಗೆ" ಎಂದರು ಭಾವ.

ಅವರ ದನಿಯನ್ನು ಇಷ್ಟು ಗಟ್ಟಿಯಾಗಿ ನಾನು ಕೇಳಿರಲಿಲ್ಲ. ಅವರ ತಾಯಿಯೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ಹಿರೇಹಳ್ಳಿಲಿ ಯಾರವ್ರೋ?"

"ನಾವೇ ಕಣವ್ವ. ರೂಮು ಮಾಡಿದೀನಿ."

"ಬರಿಗೈಯಾಗೆ ಸಂಸಾರ ಹೂಡ್ತೀಯೇನೋ? ಮಗೀಗೆ ಗಂಜಿ ಎಲ್ಲಿ ಕಾಯಿಸ್ತೀಯ, ಕಾರ್ಖಾನೆ ಬಾಯ್ಲರಿನಾಗಾ?"

ಭಾವ ಹೆಬ್ಬೆರಳು ನೋಡಲು ಶುರುಮಾಡಿದರು. ನಾನು ಬೆನ್ನಿನಿಂದ ಚೀಲ ಇಳಿಸಿ ಅವರ ಮುಂದೆ ಇಟ್ಟು, ಟವೆಲು ತೆಗೆದೆ. ಸ್ಟೌವಿಗೆ ಬಿಸಿಲು ಬಿತ್ತು.

ತಾತ ಬಗ್ಗಿ ನೋಡಿದ. ಲಟ್ಟಣಿಗೆಯನ್ನು ಎತ್ತಿ ನೋಡಿ ಮತ್ತೆ ಒಳಗಿಟ್ಟ.

"ಇದನ್ನೆಲ್ಲ ಗುಬ್ಬಿಯಿಂದ ನೀನೇ ಹೊತ್ಕಂಡ್ ಬಂದ್ಯೇನ್ಲಾ?"

"ಹೂಂ ತಾತ."

"ನಾನು ಪುಸ್ತಕ ಅಂದ್ಕಂಡಿದ್ದೆ."

"ಅವರು ಹೋಗಲಿ ಬಿಡು ತಾತ" ಎಂದೆ. "ಹೋಗಲಿ ಬಿಡಿ ಅತ್ತೆ."

ಇಷ್ಟೇ ಹೇಳಿದ್ದು. ಇದಕ್ಕೆ ಒಳ ಅರ್ಥ ಯಾವುದೂ ಇರಲಿಲ್ಲ. ಆದ್ದರಿಂದಲೋ ಏನೋ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಏನೋ ಇರಬೇಕೆಂದು ನನ್ನ ಮುಖ ನೋಡುತ್ತಾ ಕಾದರು. ಅಮ್ಮ ಮುಂದೆ ಬಂದು ತನ್ನ ಗಂಟಿನಲ್ಲಿದ್ದ ಬೆಲ್ಲ, ಉಪ್ಪು, ಒಂದು ಪಡಿ ಅಕ್ಕಿಯನ್ನು ಅಕ್ಕನ ಮಡಿಲಿಗೆ ಸುರಿದಳು. ಅದನ್ನು ಅವಳು ಗುಬ್ಬಿಯಿಂದ ಯಾಕೆ ತಂದಿದ್ದಳೆಂದು ನಾನು ಕೇಳಲಿಲ್ಲ. ಅವಳಿಗೆ ಯಾರು ಏನು ಹೇಳಿದ್ದರೋ.

ಅವರು ಮುಂದೆ ಇಳಿದರು. ಭಾವನ ಬೆನ್ನಿಗೆ ಚೀಲ, ಹೆಗಲಿಗೆ ಪುಟ್ಟಿ. ಭಾವನದು ಗಿಡ್ಡ ಕ್ರಾಪು, ಹಿಡಿತ ಸಿಗದೆ ಅವಳು ಅವರ ಎರಡೂ ಕಿವಿ ಹಿಡಿದುಕೊಂಡಳು. ಕೆಳಗಿನ ಬಾಗಿಲಿನವರೆಗೆ ಅವಳ ಬೋಳು ತಲೆ ಕಾಣಿಸುತ್ತಿತ್ತು. ಹಿಂದಿರುಗಿ ನೋಡಲಿಲ್ಲ. ಹೆಗಲ ಮೇಲೆ ಕೂತವರಿಗೆ ಮುಂದಿನದೇ ಚೆನ್ನಾಗಿ ಕಾಣುವುದು. ಅಕ್ಕ ಒಂದು ಸಲ ನಿಂತಳು, ಆಮೇಲೆ ಅವಳೂ ಬಾಗಿಲು ದಾಟಿದಳು.

ಉಳಿದವರು ಮೆಲ್ಲಗೆ ಇಳಿದೆವು. ತಾತನ ಮಂಡಿ ಮೆಟ್ಟಿಲಿಗೆ ಬಗ್ಗದು. ಸಿದ್ದಲಕ್ಷ್ಮಮ್ಮನವರು ಮುಂದಿನ ಮೆಟ್ಟಿಲಲ್ಲಿ ನಿಂತು ಹೆಗಲು ಕೊಟ್ಟರು. ಅವನು ಅದರ ಮೇಲೆ ಕೈಯಿಟ್ಟು ಇಳಿದ. ಅವರಿಬ್ಬರಿಗೂ ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತವಿತ್ತು, ಆ ವಿಷಯ ನಾನು.

"ಓದಿಸ್ಬಾರ್ದಿತ್ತು ಇವ್ನ."

"ಮೆತ್ತಗಿರೋರ್ನ ನಂಬಬಾರ್ದು ಯಜಮಾನ್ರೆ. ನಮ್ಮವನೂ ಹಂಗೇ ಇದ್ದ."

"ಗುಬ್ಬಿಯಿಂದ ಸ್ಟೌವ್ ಹೊತ್ತವ್ನೆ, ಒಂದ್ ಮಾತು ಆಡಿಲ್ಲ!"

"ಸೀಮೆಣ್ಣೆ ವಾಸ್ನೆ ನಂಗೆ ಬಂದಿತ್ತು. ನಿಮ್ಮ ಕಡೆಯೋರಿಗೆಲ್ಲ ಹಂಗೇ ಬರ್ತದೇನೋ ಅಂದ್ಕಂಡು ಸುಮ್ನಾದೆ."

ತಾತ ನಕ್ಕ. ಬೀಗರ ಮನೆಗೆ ಬಂದ ಮೇಲೆ ಅವನು ನಕ್ಕಿದ್ದು ಇದೇ ಮೊದಲು.

ನನಗೆ ಇಳಿಯುವುದು ಕಷ್ಟವಾಯಿತು. ಹತ್ತುವಾಗ ಏನೂ ಆಗಿರಲಿಲ್ಲ. ಇಳಿಯುವಾಗ ಮುಂದಕ್ಕೆ ಮುಗ್ಗರಿಸಿದೆ, ಒಂದು ಕಡೆ ಗೋಡೆ ಹಿಡಿದು ನಿಲ್ಲಬೇಕಾಯಿತು. "ಕುಡಿದವನಂಗೆ ಯಾಕ್ಲಾ ತೂರಾಡ್ತೀಯ? ಮೈಮೇಲೆ ಒಂದು ಗುಲಗಂಜಿ ಭಾರ ಇಲ್ಲ!" ಎಂದ ತಾತ. ಅಮ್ಮ ನನ್ನ ಪಕ್ಕಕ್ಕೆ ಬಂದು, "ಕೈ ಯಾಕೋ ಹಂಗೆ ಮೇಲಕ್ಕೆ ಎತ್ಕಂಡಿದೀಯ?" ಎಂದು ಕೇಳಿದಳು. ನೋಡಿಕೊಂಡರೆ ಎರಡೂ ಕೈ ಎದೆಯ ಹತ್ತಿರ, ಏನನ್ನೋ ಹಿಡಿದುಕೊಂಡ ಹಾಗೆ ಇದ್ದವು. ಇಳಿಸಿದೆ.

ಚಪ್ಪಲಿ ಸವೆದಿದೆ. ಹೊಸದು ಕೊಳ್ಳಬೇಕು.